ಬಲಕ್ಕೊಂದು, ಎಡಕ್ಕೊಂದು

ಮತ್ತೆ ಬಲಗಡೆಯ ಹೂವೇ ಬಿತ್ತು. ಕಂಬದ ಮರೆಯಲ್ಲಿ ಕೂತಿದ್ದ ಅನಂತರಾಜು ಮೊಬೈಲಿನಲ್ಲಿ ಇನ್ನೊಂದು ಅಂಕಿ ಒತ್ತಿ ಮೂಗು ಮುರಿದ. ಒಳಗೆ ಯಾರೋ ತಾಯಿ ಮಗಳನ್ನು ತಬ್ಬಿಕೊಂಡು ಅಳುತ್ತಿದ್ದಳು. ಒಂದು ಹೂ ಉದುರಿದ್ದಕ್ಕೆ ಅಳುವ ಜನ! ಇಂಥವರ ಮಕ್ಕಳಿಗೆ ತಾನು ಸಂಖ್ಯಾಶಾಸ್ತ್ರ ಕಲಿಸಬೇಕು.

ಅವನು ಮಾಗಡಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ಗುಡೇಮಾರನಹಳ್ಳಿ ಕಡೆಯ ಮಾರವ್ವನ ಈ ಪುಟ್ಟ ಗುಡಿಗೆ ಶುಕ್ರವಾರ ಶುಕ್ರವಾರ ಬಂದು ಕೂರುತ್ತಿದ್ದುದು ಭಕ್ತಿಯಿಂದಲ್ಲ. ಅದೇ ಕಾಲೇಜಿನಲ್ಲಿ ಕಾಮರ್ಸ್ ಕಲಿಸುವ ಭಾನುಪ್ರಿಯಳನ್ನು ಮದುವೆಗೆ ಕೇಳಿಸಿದ್ದ. ಅವಳ ತಾಯಿ ಕಾವೇರಮ್ಮ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ.

"ಸುಗ್ಗಿ ಕಳೀಲಿ ಕಣಪ್ಪ. ಮಾರವ್ವನ ತಾವ ಹೂ ಕೇಳ್ಬುಟ್ಟು ಹೇಳ್ತೀನಿ," ಎಂದಿದ್ದಳು.

ಆ ಕಡೆಯ ಊರುಗಳಲ್ಲಿ ಹೂ ಕೇಳದೆ ಹೆಣ್ಣು ಕೊಡುವುದಿಲ್ಲ. ಮದುವೆಯಾಗಬೇಕಾದ ಹುಡುಗಿ ತಲೆ ತಗ್ಗಿಸಿ, ಎರಡು ಕಣಗಿಲೆ ಹೂಗಳನ್ನು ಬಿಂದಿಗೆಯ ನೀರಿನಲ್ಲಿ ಅದ್ದಿ ಕೊಡುತ್ತಾಳೆ. ಪೂಜಾರಿ ದೊಡ್ಡಹನುಮಯ್ಯ ಮೊದಲನೆಯದನ್ನು ದೇವಿಯ ಬಲಭುಜಕ್ಕೆ, ಎರಡನೆಯದನ್ನು ಎಡಭುಜಕ್ಕೆ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಮದುವೆ. ಎಡಗಡೆಯದು ಬಿದ್ದರೆ ಇಲ್ಲ. ಎಂ.ಎಸ್ಸಿ. ರ‍್ಯಾಂಕಿನ ತನ್ನ ಬಾಳು ನಾಣ್ಯ ಚಿಮ್ಮುವ ಮಟ್ಟಕ್ಕೆ ಇಳಿಯಿತಲ್ಲ ಎಂದು ಅವನಿಗೆ ಮೈಯೆಲ್ಲ ಉರಿದಿತ್ತು.

ಆದರೆ ಎಣಿಸುತ್ತಾ ಹೋದಂತೆ ಉರಿ ಇಳಿಯಿತು. ನಲವತ್ತು ಸಲ ಹೂ ಕೇಳಿದ್ದರಲ್ಲಿ ಮೂವತ್ತೇಳು ಬಲ. ಹೂವು ತನ್ನ ಪಾಡಿಗೆ ತಾನು ಬೀಳುವುದಾದರೆ ಹೀಗಾಗುವುದು ಹತ್ತು ಕೋಟಿಗೆ ಒಂದು ಸಲ. ಅಂದರೆ ಯಾರದೋ ಕೈಚಳಕವಿದೆ. ಯಾರದೆಂದು ಯೋಚಿಸಲು ಅವನಿಗೆ ಅರೆಗಳಿಗೆಯೂ ಬೇಕಾಗಲಿಲ್ಲ. ದಕ್ಷಿಣೆಯ ಆಸೆಗೆ ಪೂಜಾರಿ ಬಲಗಡೆಯ ಹೂವನ್ನು ಸಡಿಲವಾಗಿ ಅಂಟಿಸುತ್ತಾನೆ, ಅಷ್ಟೇ. ಎಡ ಬಿದ್ದ ಮೂರು ಸಂಬಂಧಗಳಲ್ಲಿ ಒಬ್ಬ ಗಂಡು ಕುಡುಕ, ಒಬ್ಬನಿಗೆ ಎರಡನೇ ಮದುವೆ, ಇನ್ನೊಬ್ಬ ತಿಪ್ಪಸಂದ್ರದ ಯಾರೋ ಪುಢಾರಿ. ಆ ಮೂರನ್ನೂ ಆಕಸ್ಮಿಕವೆಂದು ಬದಿಗಿಟ್ಟ.

ಸ್ಟಾಫ್ ರೂಮಿನಲ್ಲಿ ಭಾನುಪ್ರಿಯಳಿಗೆ ಇದನ್ನೆಲ್ಲ ವಿವರಿಸಿದ.

"ನಿಮ್ಮ ಕಡೆಯೋರು ಶುದ್ಧ ದಡ್ಡರು ಕಣ್ರೀ. ಆ ಮುದುಕ ಎಲ್ಲರ ಕಿವಿ ಮೇಲೂ ಹೂ ಇಡ್ತಿದ್ದಾನೆ."

ಅವಳು ಪೇಪರ್ ತಿದ್ದುತ್ತಲೇ ಕೇಳಿದಳು: "ಪೂಜಾರಪ್ಪನೇ ಅಂತ ಹೆಂಗ್ ಹೇಳ್ತೀರಾ ಸರ್?"

"ಅಲ್ಲಿ ಇನ್ಯಾರಿಗೆ ಅಷ್ಟು ತಲೆ ಇದೆ?"

"ಅದೂ ಸರಿನೇ," ಎಂದು ಅವಳು ಮುಂದಿನ ಹಾಳೆ ತಿರುವಿದಳು.

ಇದನ್ನು ಅವನು ಮೆಚ್ಚುಗೆಯೆಂದುಕೊಂಡ. ಅವಳು ಹೆಚ್ಚು ಮಾತಾಡದಿರುವುದೇ ಅವನಿಗೆ ಹಿಡಿಸಿದ ಗುಣ.

ಮಧ್ಯಾಹ್ನ ತರಗತಿಯಲ್ಲಿ ಚೀಲದೊಳಗಿನ ಕೆಂಪು ಚೆಂಡು, ಬಿಳಿ ಚೆಂಡುಗಳ ಲೆಕ್ಕ. ಹಿಂದಿನ ಬೆಂಚಿನ ದೀಪು ಎದ್ದು ನಿಂತ.

"ಸಾ, ಚೆಂಡು ತೆಗಿಯೋರು ಒಸಿ ಒಳಗೆ ನೋಡ್ಕಂಡು ತೆಗುದ್ರೆ?"

"ಲೆಕ್ಕ ಬರದ ಕತ್ತೆಗಳಿಗೆ ಇಂಥ ಅನುಮಾನಗಳೇ ಬರೋದು. ಕೂತ್ಕೋ," ಎಂದ ಅನಂತರಾಜು. ತರಗತಿ ಗೊಳ್ಳೆಂದು ನಕ್ಕಿತು.

ಸುಗ್ಗಿ ಕಳೆಯಿತು. ಹೂ ಕೇಳುವ ಹಿಂದಿನ ದಿನ ಅವನು ಗುಡಿಗೆ ಹೋಗಿ ಪೂಜಾರಿಯನ್ನು ಪಕ್ಕಕ್ಕೆ ಕರೆದ.

"ನನಗೆಲ್ಲ ಗೊತ್ತು. ನಾಳೆ ಬಲಗಡೆದೇ ಬೀಳ್ಬೇಕು. ಇಲ್ದಿದ್ರೆ ನಿನ್ನ ಬಂಡವಾಳ ಊರೂರ ವಾಟ್ಸಾಪಿಗೆ ಬರುತ್ತೆ."

ದೊಡ್ಡಹನುಮಯ್ಯ ಕಣ್ಣು ಕಣ್ಣು ಬಿಟ್ಟ. "ನಂದೇನೈತೆ ಸಾ? ಕೊಟ್ರೆ ಅವ್ವ ಕೊಡ್ತಾಳೆ."

ಎಂಥ ನಟನೆ! ಅನಂತರಾಜು ನಗುತ್ತಲೇ ಬೈಕ್ ಹತ್ತಿದ.

ಶುಕ್ರವಾರ ಭಾನುಪ್ರಿಯ ತಲೆ ತಗ್ಗಿಸಿ ಹೂ ಅದ್ದಿ ಕೊಟ್ಟಳು. ಎಂ.ಕಾಂ. ಓದಿಯೂ ಹಳ್ಳಿ ಗುಗ್ಗುವಿನಂತೆ ಬಿಂದಿಗೆಗೆ ಬಗ್ಗಿದ್ದಾಳಲ್ಲ ಎಂದು ಅವನು ತುಟಿ ಕೊಂಕಿಸಿದ. ಮದುವೆಯಾದ ಮೇಲೆ ಇದನ್ನೆಲ್ಲ ಬಿಡಿಸಬೇಕು.

ಎಡಗಡೆಯ ಹೂ ಬಿತ್ತು.

ಕಾವೇರಮ್ಮ ಮಗಳ ಮುಖ ನೋಡಿ, "ಇನ್ನೊಂದ್ಸಲ ಕೇಳಾನ," ಎಂದಳು. ಮತ್ತೆ ಹೂ ಅದ್ದಿದ್ದಾಯಿತು. ಎಡ. ಮೂರನೆಯ ಸಲ ಪೂಜಾರಿ ಕೈಮುಗಿದು ಅಂಟಿಸಿದ. ಎಡ.

"ಆಯ್ತು ಕಣಪ್ಪ," ಕಾವೇರಮ್ಮ ಸೆರಗು ಸರಿಮಾಡಿಕೊಂಡಳು. "ಬ್ಯಾಡ ಅಂದಂಗಾಯ್ತು. ಇನ್ನು ಈ ಮಾತು ಎತ್ತಬ್ಯಾಡ."

ಸೋಮವಾರ ಸ್ಟಾಫ್ ರೂಮಿಗೆ ನುಗ್ಗಿದ ಅನಂತರಾಜುವಿನ ಮುಖ ಕೆಂಪಗಾಗಿತ್ತು.

"ಮೂರಕ್ಕೆ ಮೂರೂ ಎಡ! ನಲವತ್ತಕ್ಕೆ ಮೂರು ಎಡ ಅನ್ನೋ ಲೆಕ್ಕದಲ್ಲಿ ಇದು ಹತ್ತು ಸಾವಿರಕ್ಕೆ ನಾಲ್ಕು ಸಲ ಆಗೋ ಮಾತು. ನನ್ನ ಮೇಲಿನ ಹಟಕ್ಕೆ ಆ ಮುದುಕ ಬೇಕಂತಲೇ ಮಾಡಿದ್ದಾನೆ. ಊರಿನವರನ್ನೆಲ್ಲ ಸೇರಿಸಿ ಅವನ ಪೂಜೆ ಬಿಡಿಸ್ತೀನಿ, ನೋಡ್ತಾ ಇರಿ. ಆಮೇಲೆ ನಮ್ಮ ವಿಷಯ ಮತ್ತೆ ಕೇಳೋಣ."

ಭಾನುಪ್ರಿಯ ಪೆನ್ನು ಕೆಳಗಿಟ್ಟಳು. ಮೊದಲ ಸಲ ಅವನನ್ನು ನೇರವಾಗಿ ನೋಡಿದಳು.

"ಪಾಪ, ಆ ಯಜಮಾನರಿಗೆ ಏನೂ ಗೊತ್ತಿಲ್ಲ, ಬಿಟ್ಬಿಡಿ ಸರ್. ಚೆನ್ನಾಗಿ ಅದ್ದಿದ ಹೂ ಅಂಟ್ಕೊಳ್ಳುತ್ತೆ, ಬರೀ ನೀರು ಸೋಕಿಸಿ ಕೊಟ್ಟಿದ್ದು ಬಿದ್ದುಹೋಗುತ್ತೆ. ನಮ್ಮ ಕಡೆ ಹೆಣ್ಮಕ್ಕಳಿಗೆ ಅದನ್ನ ಅಮ್ಮಂದಿರೇ ಹೇಳ್ಕೊಟ್ಟಿರ್ತಾರೆ. ಮೊನ್ನೆ ನಮ್ಮಮ್ಮ ಮೂರು ಸಲ ಕೇಳಿದ್ದು ನನ್ನನ್ನೇ."