ಏಕಾದಶಿಯ ಗುಳಿಗೆ

ಒಂದು ಗುಳಿಗೆಗೆ ಎಂಟು ರೂಪಾಯಿ. ಚೀಟಿ ಬರೆಯುವ ಡಾಕ್ಟರಿಗೆ ತಿಂಗಳಿಗೆ ಇನ್ನೂರು. ಚೀಟಿ ಇಲ್ಲದೆ ಹೋದರೆ ಪಿಂಪ್ರಿಯ ಯಾವ ಔಷಧದ ಅಂಗಡಿಯವನೂ ಕೊಡದ ಮಾಲು. ಅಂಥ ನಾಲ್ಕು ಗುಳಿಗೆಗಳನ್ನು ಸಕ್ಕುಬಾಯಿ ಮೊಮ್ಮಗಳ ಡಬ್ಬಿಯಿಂದ ತೆಗೆದು, ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು, ಪಂಢರಪುರದ ಕಾಲ್ನಡಿಗೆಯ ವಾರಿಯಲ್ಲಿ, ಭಜನೆಯ ದಿಂಡಿಯೊಂದರೊಡನೆ, ಪಾಲಖಿಯ ಜೊತೆ ಸಾಸವಡಕ್ಕೆ ಹೊರಟಿದ್ದಳು. ನಸುಕಿನಲ್ಲಿ ಪುಣೆ ಬಿಡುವಾಗ ತನಗೊಂದು, ನೆರೆಮನೆಯ ಭೀಮವ್ವನಿಗೊಂದು. ದಿವೆ ಘಾಟಿನ ಬುಡದಲ್ಲಿ ಮತ್ತೆ ಒಂದೊಂದು. ಈಗ ಮಧ್ಯಾಹ್ನ, ಘಾಟಿನ ತಿರುವಿನಲ್ಲಿ, ಭೀಮವ್ವ ಎದೆ ಹಿಡಿದುಕೊಂಡು ರಸ್ತೆಯ ಬದಿ ಕುಸಿದಿದ್ದಳು.

ಒಂಬತ್ತು ವರ್ಷದ ಮೊಮ್ಮಗಳು ಭಾಗ್ಯಾ ಒಂದು ಕಡೆ ಕೂಡುವ ಹುಡುಗಿಯಲ್ಲ. ಅದಕ್ಕೆಂದು ಡಾಕ್ಟರು ಬರೆದುಕೊಟ್ಟ ಗುಳಿಗೆ ಅದು. ತಿಂದ ದಿನ ಅವಳು ಪುಸ್ತಕ ಬಿಟ್ಟು ಏಳುತ್ತಿರಲಿಲ್ಲ, ಸಂಜೆಯತನಕ ರೊಟ್ಟಿಯನ್ನೂ ಕೇಳುತ್ತಿರಲಿಲ್ಲ. ಸಕ್ಕುಬಾಯಿ ಅದನ್ನು ಕಣ್ಣಾರೆ ಕಂಡವಳು. ಮೂವತ್ತು ಕಿಲೋಮೀಟರ್ ನಡಿಗೆ, ನಡುವೆ ಘಾಟು, ಮೇಲೆ ಏಕಾದಶಿಯ ಉಪವಾಸ. ಹಸಿವು, ದಣಿವು ಎರಡನ್ನೂ ಕಟ್ಟಿಹಾಕುವ ವಸ್ತು ಮನೆಯಲ್ಲೇ ಇರುವಾಗ ಕಷ್ಟಪಡುವುದೇಕೆ? ಹಡಪಸರ ದಾಟುವಾಗ ಭೀಮವ್ವ ನಕ್ಕಿದ್ದಳು: "ಉಪಾಸ ಗುಳಿಗಿ ಮಾಡ್ಲಿಕತ್ತದ, ಪುಣ್ಯ ನಮಗ!" ಖಾಲಿ ಹೊಟ್ಟೆಯಲ್ಲಿ ಬೇಡವೆಂದು ಅವಳು ಬಿಟ್ಟದ್ದು ತನ್ನ ಬಿ.ಪಿ. ಗುಳಿಗೆಯೊಂದನ್ನೇ.

ನಾಲ್ಕು ಜನ ಅವಳನ್ನೆತ್ತಿ ಹತ್ತು ಹೆಜ್ಜೆ ಮೇಲಿದ್ದ ಔಷಧದ ಡೇರೆಗೆ ತಂದರು. ಅಲ್ಲಿ ಕಾಲಿನ ಬೊಕ್ಕೆಗೆ ಮುಲಾಮು ಹಚ್ಚಿಸಿಕೊಳ್ಳುವವರದೇ ಸಾಲು. ಚಿಕ್ಕ ವಯಸ್ಸಿನ ಡಾಕ್ಟರ್ ಬಾಯಿ ಸಾಲು ಬಿಟ್ಟು ಎದ್ದು ಬಂದು ಭೀಮವ್ವನ ಮಣಿಕಟ್ಟು ಹಿಡಿದಳು. ಗಡಿಯಾರ ನೋಡಿದಳು. ಮತ್ತೊಮ್ಮೆ ಹಿಡಿದಳು.

"ಮಾವುಲಿ, ತಾಯೀ, ಇವರು ಏನು ತಿಂದಿದ್ದಾರೆ?" ಮರಾಠಿಯಲ್ಲಿ ಕೇಳಿದಳು.

"ಇವತ್ತು ಏಕಾದಶಿ. ಬರೀ ಚಹಾ," ಸಕ್ಕುಬಾಯಿಯೂ ಮರಾಠಿಯಲ್ಲೇ ಉತ್ತರಿಸಿದಳು.

"ಉಪವಾಸಕ್ಕೆ ನಾಡಿ ಹೀಗೆ ಓಡುವುದಿಲ್ಲ. ಮೈ ಕಾದ ಹಂಚಾಗಿದೆ, ಬೆವರೇ ಇಲ್ಲ. ಏನಾದರೂ ಔಷಧ?"

ಸಕ್ಕುಬಾಯಿ ಬಾಯಿ ತೆರೆಯುವಷ್ಟರಲ್ಲಿ ಭೀಮವ್ವನ ಕೈ ಅವಳ ಸೆರಗು ಜಗ್ಗಿತು. "ಹೇಳಬ್ಯಾಡ, ಸಕ್ಕೂ," ಎಂದು ಕನ್ನಡದಲ್ಲಿ ಉಸುರಿದಳು. "ದಿಂಡ್ಯಾಗಿನ ಹೆಂಗಸೂರು ಕುಂತಾರ. ಗುಳಿಗಿ ನುಂಗಿ ವಾರಿ ಮಾಡ್ಯಾರಂತ ಸಾಯೂತನ ನಗತಾರ."

"ಏನ್ ಹೇಳಬಾರದ್ರಿ, ಅವ್ವಾ?"

ಇಬ್ಬರೂ ಬೆಚ್ಚಿ ನೋಡಿದರು. ಕೇಳಿದವಳು ಡಾಕ್ಟರ್ ಬಾಯಿ. "ನಾ ಸೊಲ್ಲಾಪುರದಾಕಿ. ನಮ್ಮ ಮನ್ಯಾಗೂ ಇದೇ ಮಾತು. ಲಗೂ ಹೇಳ್ರಿ. ಒಳಗ ಏನದ ಅಂತ ತಿಳೀದ ನಾ ಮ್ಯಾಲೊಂದು ಔಷಧ ಕೊಟ್ರ ಅದೂ ವಿಷ ಆದೀತು."

ಬೊಕ್ಕೆಯ ಸಾಲಿನಲ್ಲಿ ಕುಳಿತ ಹೆಂಗಸರು ಮಾತು ನಿಲ್ಲಿಸಿ ಇತ್ತ ತಿರುಗಿದ್ದರು. ಭೀಮವ್ವನ ತುಟಿ ನೀಲಿಗೆ ತಿರುಗುತ್ತಿತ್ತು. ಸಕ್ಕುಬಾಯಿ ಮೊದಲು ಹೆಂಗಸರನ್ನು ನೋಡಿದಳು, ಆಮೇಲೆ ಆ ತುಟಿಯನ್ನು. "ಮೊಮ್ಮಗಳ ಗುಳಿಗಿ ಕೊಟ್ಟೇನ್ರಿ," ಎಂದಳು, ಎಲ್ಲರಿಗೂ ತಿಳಿಯುವ ಹಾಗೆ ಮರಾಠಿಯಲ್ಲೂ ಹೇಳಿದಳು. "ಎರಡು. ಹಸಿವಿ ಆಗಬಾರದಂತ."

"ಹೆಸರು?"

"ನನಗ ಓದಾಕ ಬರಂಗಿಲ್ಲ. ಸೊಸಿಗೆ ಗೊತ್ತದ."

ಡಾಕ್ಟರ್ ಬಾಯಿ ತನ್ನ ಮೊಬೈಲ್ ಕೊಟ್ಟಳು. ಸಕ್ಕುಬಾಯಿ ಬಾಯಿಪಾಠವಿದ್ದ ನಂಬರು ಹೇಳಿ ಹಚ್ಚಿಸಿದಳು. ಸ್ಪೀಕರಿನಲ್ಲಿ ಸೊಸೆ ನೀತಾ ಗುಳಿಗೆಯ ಹೆಸರು ಓದಿ ಹೇಳಿದಳು. ಆಮೇಲೆ, "ಅತ್ತೀ, ಆ ನಾಕು ಗುಳಿಗಿ ನೀವು ಒಯ್ದೀರೇನ್ರಿ?" ಎಂದಳು. "ಭಾಗ್ಯಾ ಮೋರಿಗೆ ಒಗದಾಳಂತ ತಿಳದು ಮುಂಜಾನೆ ಹೊಡದೇನ್ರಿ ಅಕಿನ್ನ. ಇಲ್ಲ ಇಲ್ಲ ಅಂತ ಅತ್ತಳು, ನಾ ಕೇಳಲಿಲ್ಲ."

ಅಷ್ಟರಲ್ಲಿ ಡಾಕ್ಟರ್ ಬಾಯಿ ಫೋನ್ ಕಸಿದುಕೊಂಡು ಆಂಬುಲೆನ್ಸಿಗೆ ಹಚ್ಚಿದ್ದಳು. ಭೀಮವ್ವನ ಮೂಗಿಗೆ ಆಮ್ಲಜನಕದ ನಳಿಗೆ ಬಂತು, ಹಣೆಗೆ ಕುತ್ತಿಗೆಗೆ ಒದ್ದೆ ಬಟ್ಟೆ ಬಂತು. "ಅದು ಹುಡುಗಿಯ ವಯಸ್ಸು, ತೂಕ, ಎದಿ ನೋಡಿ ಬರದ ಗುಳಿಗಿ ಅವ್ವಾ," ಎಂದಳು ಕೈ ನಿಲ್ಲಿಸದೆ. "ಬಿ.ಪಿ. ಇದ್ದವರಿಗೆ, ನೀರಿಲ್ಲದ, ಇಂಥಾ ಏರಿನ್ಯಾಗ? ಹಸಿವಿ ಹೊಡದಂಗ ಅದು ನೀರಡಿಕಿನೂ ಹೊಡೀತದ. ಕುದುರಿಗೆ ಮ್ಯಾವಿಲ್ಲ, ಬರೀ ಚಾಬೂಕಿನ ಏಟು." ಥಟ್ಟನೆ ತಲೆಯೆತ್ತಿದಳು. "ನಾಕು ಅಂದ್ರಲ್ಲ ನಿಮ್ಮ ಸೊಸಿ. ಉಳದ ಎರಡು?"

"ನಾ ತಿಂದೇನ್ರಿ. ಆದ್ರ ನನಗೇನೂ ಆಗಿಲ್ಲ. ನೋಡ್ರಿ, ಒಂದೀಟೂ ದಣಿವಿಲ್ಲ."

"ಅದಕ್ಕ ಅಂಜಿಕಿ, ಅವ್ವಾ. ದಣಿವು ಆಗ್ಯದ. ನಿಮಗ ಗೊತ್ತಾಗವಲ್ದು, ಅಷ್ಟ." ಡಾಕ್ಟರ್ ಬಾಯಿ ಅವಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು. ಪಾದರಸ ಇನ್ನೂರರ ಹತ್ತಿರ ನಡುಗುತ್ತ ನಿಂತಿತು. "ನೀವೂ ಗಾಡಿ ಹತ್ರಿ."

ಲಕ್ಷ ಜನ ತಾಳ ಕುಟ್ಟುತ್ತ ಮೇಲೇರುತ್ತಿದ್ದ ಘಾಟಿನಲ್ಲಿ ಆ ಗಾಡಿಯೊಂದೇ ಕೆಳಗಿಳಿಯಿತು.

ಸಕ್ಕುಬಾಯಿ ಎರಡು ದಿನಕ್ಕೆ ಮನೆಗೆ ಬಂದಳು. ಭೀಮವ್ವ ದವಾಖಾನೆಯಲ್ಲಿ ಹನ್ನೊಂದು ದಿನ ಇದ್ದು ಜೀವ ಉಳಿಸಿಕೊಂಡಳು. ಆದರೆ ಹೃದಯದ ಒಂದು ಭಾಗ ಸತ್ತುಹೋಗಿತ್ತು, ಮುಂದೆಂದೂ ಅವಳಿಗೆ ಅಂಗಳ ದಾಟಿ ಕಾಲು ತಾಸೂ ನಡೆಯಲಾಗಲಿಲ್ಲ. ಆ ದಿನದ ಏಕಾದಶಿಯ ಉಪವಾಸ ಮಾತ್ರ ಇಬ್ಬರದೂ ಮುರಿಯಲಿಲ್ಲ.