ಕಲಾವಿದರು ಲಭ್ಯರಾದಾಗ

ಶವಸಂಸ್ಕಾರ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅವಳು ಗಂಡನ ಕಂಪ್ಯೂಟರ್ ತೆರೆದಳು. ಅವನಿಗೊಂದು ಪತ್ರ ಬಂದಿತ್ತು. ಅವನು ತನ್ನ ಚಿತ್ರಗಳನ್ನು ಮಾರಾಟಕ್ಕಿಡುತ್ತಿದ್ದ ಜಾಲತಾಣದವರದು. "ನಿಮ್ಮ ಕತ್ತರಿಯ ಚಿತ್ರವನ್ನು ತಿರಸ್ಕರಿಸಲಾಗಿದೆ. ಕಾರಣ: ಬೌದ್ಧಿಕ ಆಸ್ತಿ ಹಕ್ಕಿನ ಉಲ್ಲಂಘನೆ. ಇದು ನಿಮ್ಮ ಸ್ವಂತ ಕೃತಿಯಲ್ಲವೆಂಬ ಅನುಮಾನವಿದೆ."

ಅದು ಅವನ ಕೊನೆಯ ಚಿತ್ರ. ಕೆಳಗಿನ ಅಂಗಡಿಯ ದರ್ಜಿಯಿಂದ ಕತ್ತರಿ ಕಡ ತರಿಸಿಕೊಂಡು, ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಟ್ಟು, ಕೈ ನಡುಗದ ಹೊತ್ತು ನೋಡಿಕೊಂಡು ಹದಿನೇಳು ದಿನ ಬಿಡಿಸಿದ್ದು. ಇದಕ್ಕೆ ಮೊದಲು ಅವನದೊಂದು ಮೋಡವನ್ನು ತಿರಸ್ಕರಿಸಿದ್ದರು. ಅಂಥದೇ ಮೋಡ ಬೇರೊಬ್ಬರ ಹೆಸರಿನಲ್ಲಿತ್ತಂತೆ. ಆಮೇಲೆ ಅಡಿಗೆಮನೆಯ ಕಿಟಕಿ, ಕಟ್ಟಡದವರ ಒಪ್ಪಿಗೆಯಿಲ್ಲವಂತೆ. ಕತ್ತರಿ ಮೂರನೆಯದು. ವಾರದೊಳಗೆ ದಾಖಲೆ ಒದಗಿಸದಿದ್ದರೆ ಖಾತೆ ಮುಚ್ಚಿ, ಅವನ ನಾನೂರ ಹನ್ನೆರಡು ಚಿತ್ರಗಳನ್ನೂ ಅಳಿಸಲಾಗುವುದು. ಅವನ ಹೆಸರು ಉಳಿದಿದ್ದುದು ಅಲ್ಲೊಂದೇ ಕಡೆ. ಮನೆಯ ಬಾಗಿಲಿಗಿದ್ದುದು ಮನೆ ಮಾಲೀಕನ ಹೆಸರು.

ಜೊತೆಗಿದ್ದ ಫಾರಂ ಮೂರು ಸಹಿ ಕೇಳಿತ್ತು: ವಸ್ತುವಿನ ಮಾಲೀಕರದು, 'ಇದನ್ನು ನಾನೇ ಬರೆದಿದ್ದೇನೆ' ಎಂದು ಕಲಾವಿದರದು, ಕಡೆಗೆ ಸಾಕ್ಷಿಯದು.

ಕಲಾವಿದರು ತೀರಿಕೊಂಡಿದ್ದಾರೆ ಎಂದು ಅವಳು ಒಂದೇ ಸಾಲು ಬರೆದಳು. ಎರಡು ನಿಮಿಷದಲ್ಲಿ ಉತ್ತರ ಬಂತು. "ಮಾಹಿತಿಗೆ ಧನ್ಯವಾದ. ಕಲಾವಿದರ ಸಹಿಯಿಲ್ಲದೆ ಪರಿಶೀಲನೆ ಸಾಧ್ಯವಿಲ್ಲ. ಅವರು ಲಭ್ಯರಾದಾಗ ಸಹಿ ಮಾಡಿಸಿ ಕಳುಹಿಸಿ. ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?"

ಅವಳು ಫಾರಂ ಪ್ರಿಂಟ್ ಮಾಡಿಕೊಂಡು ಕೆಳಗಿಳಿದಳು. ದರ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದ.

"ನನ್ನ ಕತ್ತರಿ ನಂದೇ ಅಂತ ನಾನೇ ಬರ್ಕೊಡ್ಬೇಕೇನಮ್ಮಾ?"

"ಹೂಂ ಮಾಮ. ಇಲ್ಲಿ."

"ಅದನ್ನ ಮಾಡಿದ ಕಮ್ಮಾರ ಸತ್ತು ಯಾವ ಕಾಲ ಆಯ್ತೋ. ಅವನ ಸಹಿ ಬೇಡ್ವಂತಾ?"

"ಕೇಳಿದ್ರೂ ಕೇಳ್ತಾರೆ. ನೀವಾಗಿ ನೆನಪು ಮಾಡ್ಬೇಡಿ."

"ಸರಿ, ಕತ್ತರಿ ಎಲ್ಲಿ?"

"ಚಿತ್ರದ ಪಕ್ಕ ಇಟ್ಟು ಒಂದು ಫೋಟೋ ಕಳಿಸ್ಬೇಕಂತೆ. ಆಮೇಲೆ ತಂದ್ಕೊಡ್ತೀನಿ."

ದರ್ಜಿ ಮಾಲೀಕನಾಗಿ ಸಹಿ ಹಾಕಿದ. ಅದರ ಕೆಳಗಿನ ಖಾಲಿ ಗೆರೆಯ ಮೇಲೆ ಬೆರಳಿಟ್ಟ. "ಇದು?"

"ಅವರದು," ಎಂದು ಅವಳು ಪೆನ್ನು ತೆಗೆದುಕೊಂಡಳು. ಕೊರಿಯರ್‌ನವನ ಕಾಗದಕ್ಕೆ ಎಷ್ಟೋ ಸಲ ಅವನ ಸಹಿ ಹಾಕಿದ್ದಳು. ಈಗ ಮೊದಲ ಅಕ್ಷರದಲ್ಲೇ ಪೆನ್ನು ನಿಂತಿತು.

ದರ್ಜಿ ಬೀದಿಯತ್ತ ಒಮ್ಮೆ ನೋಡಿದ. "ತಡವರಿಸ್ಬೇಡ. ಅವನು ಸರ್ರಂತ ಎಳೀತಿದ್ದ."

ಎಳೆದಳು.

"ತಾರೀಕು ಯಾವ್ದು ಹಾಕ್ಲಿ ಮಾಮ? ಅವರು ಬದುಕಿದ್ದಾಗಿನ್ದಾ?"

"ಛೆ ಛೆ, ಇವತ್ತಿಂದೇ ಹಾಕು. ಹಳೇ ತಾರೀಕು ಹಾಕಿದ್ರೆ ಸುಳ್ಳಾಗುತ್ತೆ."

'ಕಲಾವಿದರು ನನ್ನ ಎದುರಿನಲ್ಲೇ ಸಹಿ ಮಾಡಿದ್ದಾರೆ' ಎಂಬ ಸಾಲಿನ ಕೆಳಗೆ ದರ್ಜಿ ಸಾಕ್ಷಿಯಾಗಿ ತನ್ನ ಹೆಸರು ಬರೆದ.

ಸಂಜೆಯೊಳಗೆ ಉತ್ತರ ಬಂತು. "ಅಭಿನಂದನೆಗಳು! ದಾಖಲೆಗಳು ಅಸಲಿ ಎಂದು ದೃಢಪಟ್ಟಿದೆ. ಕತ್ತರಿಯ ಚಿತ್ರವನ್ನು ಸ್ವೀಕರಿಸಲಾಗಿದೆ. ಕಲಾವಿದರ ಪ್ರಾಮಾಣಿಕತೆಯನ್ನು ಗೌರವಿಸಿ ಹಿಂದಿನ ಎರಡು ಆಕ್ಷೇಪಣೆಗಳನ್ನೂ ಕೈಬಿಟ್ಟಿದ್ದೇವೆ. ಅವರ ಮುಂದಿನ ಚಿತ್ರಕ್ಕಾಗಿ ಕಾಯುತ್ತಿದ್ದೇವೆ."

ಮರುದಿನ ಅವಳು ಕತ್ತರಿಯನ್ನು ಒರೆಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದು ದರ್ಜಿಯ ಮೇಜಿನ ಮೇಲಿಟ್ಟಳು. ಅವನು ಬಿಚ್ಚಿ, ಹೆಬ್ಬೆರಳು ತೂರಿಸಿ, ಗಾಳಿಯನ್ನೇ ಎರಡು ಸಲ ಕತ್ತರಿಸಿ ನೋಡಿದ. ಅವಳು ಹೋಗದೆ ನಿಂತೇ ಇದ್ದಳು.

"ವಾಪಸು ಕೊಟ್ಟೆ ಅಂತ ಎಲ್ಲಾದ್ರೂ ಸಹಿ ಹಾಕ್ಬೇಕಾ ಮಾಮ?"

ದರ್ಜಿ ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆಗೆ ಕತ್ತರಿ ಹಿಡಿದ. ತಲೆಯೆತ್ತಲಿಲ್ಲ.

"ಯಾರ್ದು? ನಿಂದಾ, ಅವನದಾ?"