ಸುಕೃತಾಳ ಚಕ್ರ

ಪಕ್ಕದ ಎಲೆಯ ಹೋಳಿಗೆ ಯಾವಾಗಲೂ ದೊಡ್ಡದಾಗಿಯೇ ಕಾಣುತ್ತದೆ. ಕಣ್ಣು ಮಿದುಳನ್ನು ಹೇಗೆ ವಂಚಿಸುತ್ತದೆಂದು ಆರು ವರ್ಷ ಪ್ರಯೋಗಾಲಯದಲ್ಲಿ ಅಭ್ಯಸಿಸಿದ್ದ ವಾರಿಜಾಳಿಗೂ ಇದರಿಂದ ಬಿಡುಗಡೆಯಿರಲಿಲ್ಲ. ನಿನ್ನೆ ಮೊನ್ನೆ ಬಂದು ಸೇರಿದ ಸುಕೃತಾ ಬರೆದ ಬಣ್ಣದ ಚಕ್ರವನ್ನು ಕಂಡಾಗಲೆಲ್ಲ ಅವಳ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಗುತ್ತಿತ್ತು. ಅದು ನಿಶ್ಚಲ ಚಿತ್ರ. ಆದರೂ ನೋಡಿದವರ ಕಣ್ಣಿಗೆ ಮೆಲ್ಲನೆ ತಿರುಗುತ್ತಿತ್ತು.

ಪ್ರಯೋಗಾಲಯದಲ್ಲಿ ಖಾಲಿಯಿದ್ದುದು ಒಂದೇ ಹುದ್ದೆ. ಅದು ಇಬ್ಬರಲ್ಲಿ ಯಾರಿಗೆಂದು ತೀರ್ಮಾನಿಸಲು ಹಿರಿಯ ಪ್ರಾಧ್ಯಾಪಕರು ಬರುವ ದಿನ, ವಾರಿಜಾ ಎಲ್ಲರಿಗಿಂತ ಮೊದಲೇ ಬಂದು, ಕಂಪ್ಯೂಟರಿನಲ್ಲಿದ್ದ ಆ ಚಿತ್ರವನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಅದೇ ಚಕ್ರ ನಿಜವಾಗಿಯೂ ತಿರುಗುವ ವಿಡಿಯೊ ಒಂದನ್ನು ಇಟ್ಟಳು. ಸುಕೃತಾ ಎಂಥ ಮೋಸಗಾತಿಯೆಂದು ಎಲ್ಲರಿಗೂ ತಿಳಿಯಲಿ! ಬಳಿಕ ಏನೂ ಅರಿಯದವಳಂತೆ ಗೋಡೆಗೊರಗಿ ನಿಂತಳು.

ಪ್ರಾಧ್ಯಾಪಕರು ಪರದೆಯ ಮುಂದೆ ಬಂದು ಬೆರಗಾದರು. "ಏನಮ್ಮಾ ಇದು, ಗಾಣದ ಹಾಗೆ ತಿರುಗ್ತಿದೆಯಲ್ಲ!"

"ಅದು ಬರೀ ಚಿತ್ರ ಸಾರ್," ಎಂದಳು ಸುಕೃತಾ ಸಂಕೋಚದಿಂದ. "ತಿರುಗ್ತಿರೋದು ನಮ್ಮ ತಲೆಯೊಳಗೆ."

ವಾರಿಜಾ ಕಾದಿದ್ದ ಗಳಿಗೆ ಇದೇ. "ಸುಳ್ಳು ಸಾರ್! ಅದು ನಿಜವಾಗ್ಲೂ ತಿರುಗ್ತಾ ಇದೆ. ನನ್ನ ಕಣ್ಣಾಣೆಗೂ! ಸರಿಯಾಗಿ ನೋಡಿ!"

ಪ್ರಾಧ್ಯಾಪಕರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಣ್ಣನ್ನ ನಂಬಬೇಡಿ ಅಂತ ಊರಿಗೆಲ್ಲ ಪಾಠ ಹೇಳೋ ನೀನೇ ಆಣೆ ಇಡೋ ಹಾಗೆ ಏಮಾರಿದೀಯ ಅಂದ್ಮೇಲೆ, ಕೆಲಸ ಸುಕೃತಾಗಲ್ದೆ ಇನ್ಯಾರಿಗೆ ತಾಯಿ?"